ಭಾನುವಾರದ ಚಿಟಿಕೆ ಔಷಧಿ

ನನ್ನ ಕೋಳಿಗಳಿಗೆ ರೋಗವೇ ಬರುವುದಿಲ್ಲ ಎಂದು ಅಶೋಕಪುರಂನ ನಮ್ಮ ಬೀದಿಯಲ್ಲೆಲ್ಲ ಜಂಬ ಕೊಚ್ಚಿಕೊಂಡು ತಿರುಗಿದವಳು ನಾನು. ಹೆಬ್ಬಾಳದ ಫ್ಯಾಕ್ಟರಿಯಲ್ಲಿ ಆರು ದಿನ ಶಿಫ್ಟು. ಭಾನುವಾರ ಬೆಳಿಗ್ಗೆ ಎದ್ದವಳೇ ತಾರಸಿಗೆ ಹೋಗಿ, ನಾಟಿಕೋಳಿಗಳ ನೀರಿಗೆ ರಕ್ತಭೇದಿಗೆ ಕೊಡುವ ಪುಡಿ ಒಂದು ಚಿಟಿಕೆ ಹಾಕುತ್ತಿದ್ದೆ. ಇಷ್ಟು ನೀರಿಗೆ ಇಷ್ಟು, ಇಷ್ಟು ದಿನ ಬಿಡದೆ ಕೊಡಿ ಎಂದು ಪ್ಯಾಕೆಟ್ಟಿನ ಮೇಲೆ ಬರೆದಿತ್ತು. ಓದಿದ್ದೆ. ಅದೆಲ್ಲ ರೋಗ ಬಂದವಕ್ಕೆ, ಬರದ ಹಾಗೆ ನೋಡಿಕೊಳ್ಳಲು ಚಿಟಿಕೆ ಸಾಕು ಎಂದು ನನಗೆ ನಾನೇ ಡಾಕ್ಟರಾಗಿದ್ದೆ. ಮೂರು ವರ್ಷ ಹೀಗೇ ನಡೆಯಿತು.

ಕಡಕೊಳದ ನಾದಿನಿಗೆ ಕಳೆದ ವರ್ಷ ನಾಲ್ಕು ಹೇಂಟೆ ಕೋಳಿ ಕೊಟ್ಟೆ, ಪಾಲಿಗೆ. ಸಾಕುವುದು ಅವಳು, ಹುಟ್ಟಿದ ಮರಿಗಳಲ್ಲಿ ಅರ್ಧ ನನಗೆ. ಅವಳ ಮಗಳು ತುಂಬು ಬಸುರಿ, ಬಾಣಂತನಕ್ಕೆ ತವರಿಗೆ ಬರುವವಳಿದ್ದಳು. ಬಾಣಂತಿಗೆ ಮನೆಯ ಕೋಳಿಯ ಸಾರೇ ಆಗಬೇಕೆಂದು ನಾದಿನಿ ಮೊದಲೇ ಇದ್ದ ತನ್ನ ಇಪ್ಪತ್ತು ಮರಿಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಸಾಕುತ್ತಿದ್ದಳು. ಔಷಧಿ ಎಂಬುದನ್ನೇ ಕಾಣದ ಮರಿಗಳು ಅವು.

ನನ್ನ ಹೇಂಟೆಗಳು ಅಲ್ಲಿಗೆ ಹೋಗಿ ತಿಂಗಳಾಗಿರಬಹುದು. ಮರಿಗಳು ರೆಕ್ಕೆ ಇಳಿಬಿಟ್ಟು ಕೂತಿವೆ, ಹಿಕ್ಕೆಯಲ್ಲಿ ರಕ್ತ ಬರುತ್ತಿದೆ ಎಂದು ಫೋನು ಮಾಡಿದಳು. ಅದಕ್ಕೇನಂತೆ, ನಮ್ಮ ಪುಡಿಯಿದೆಯಲ್ಲ ಎಂದು ಕಳಿಸಿಕೊಟ್ಟೆ. ಪ್ಯಾಕೆಟ್ಟಿನಲ್ಲಿ ಬರೆದ ಹಾಗೆಯೇ ಹಾಕಿಸಿದೆ. ಐದು ದಿನಕ್ಕೆ ಒಂದು ಮರಿಯೂ ಉಳಿಯಲಿಲ್ಲ.

ಪುಡಿಯೇ ನಕಲಿ ಎಂದು ಸಿಟ್ಟು ನೆತ್ತಿಗೇರಿ ಪಶುವೈದ್ಯರ ಹತ್ತಿರ ಹೋದೆ. ಅವರು ಎರಡೂ ಮನೆಯ ಹಿಕ್ಕೆ ತರಿಸಿ ನೋಡಿದರು. ಪುಡಿಯನ್ನು ಬಯ್ಯಲಿಲ್ಲ. ನೀವು ಎಷ್ಟು ಹಾಕುತ್ತಿದ್ದಿರಿ ಎಂದು ಕೇಳಿದರು. ನಾನು ಹೆಮ್ಮೆಯಿಂದಲೇ ಹೇಳಿದೆ.

"ಕಣ್ಣಿಗೆ ಕಾಣದ ಪರೋಪಜೀವಿ ಕಣಮ್ಮ ಅದು, ಒಂದೇ ಜೀವಕೋಶದ್ದು. ನಿಮ್ಮ ಚಿಟಿಕೆಗೆ ಮೆತ್ತಗಿನವು ಸತ್ತವು, ತಡ್ಕೊಂಡವು ಉಳಿದ್ವು. ಉಳಿದವೇ ಹೆಚ್ಚಿದ್ವು. ಮೂರು ವರ್ಷ ನೀವು ಗಟ್ಟಿಯವನ್ನೇ ಆರಿಸಿ ಸಾಕಿದ್ದೀರಿ."

ನನ್ನ ಕೋಳಿಗಳಿಗೆ ತಾವು ಮರಿಯಾಗಿದ್ದಾಗಿನಿಂದಲೇ ಆ ಪರೋಪಜೀವಿ ಒಗ್ಗಿಹೋಗಿತ್ತಂತೆ. ತಾವು ಚೆನ್ನಾಗಿದ್ದುಕೊಂಡೇ ಹಿಕ್ಕೆಯಲ್ಲಿ ಅದನ್ನು ಹರಡುತ್ತಿದ್ದವಂತೆ. ಅಯ್ಯೋ, ಆ ಇಪ್ಪತ್ತು ಮರಿಗಳನ್ನು ಕೊಂದದ್ದು ನಾನೇ. ವೈದ್ಯರು ಬೇರೆ ಔಷಧಿ ಬರೆದುಕೊಟ್ಟು, ಕೋಳಿಗಳನ್ನು ಮಾತ್ರ ಇನ್ನೊಂದು ಮನೆಗೆ ದಾಟಿಸಬೇಡಿ ಎಂದರು.

ಅಲ್ಲಿಂದಲೇ ಕಡಕೊಳದ ಬಸ್ಸು ಹತ್ತಿದೆ. ತಪ್ಪು ಒಪ್ಪಿಕೊಳ್ಳುವ ಜಾಯಮಾನ ನನ್ನದಲ್ಲ. ಆದರೂ ನಾದಿನಿಯ ಮುಂದೆ ಕೂತು ಒಂದೂ ಬಿಡದೆ ಹೇಳಿದೆ. ಬಯ್ಯಲಿ ಎಂದು ಕಾದೆ. ಅವಳ ಮುಖ ನೋಡಲಾರದೆ ಹಿತ್ತಲ ಕಡೆ ತಿರುಗಿದೆ. ಅಲ್ಲಿ ನನ್ನ ಹೇಂಟೆ ಒಂದೇ ಮೇಯುತ್ತಿತ್ತು. ಮಿಕ್ಕ ಮೂರು ಎಲ್ಲಿ ಎಂದೆ.

"ನಿಮ್ ಕೋಳೀನೂ ಇಲ್ಲಿದ್ದು ಸಾಯೋದು ಬ್ಯಾಡ ಅಂತ ಮೊನ್ನೇನೇ ಮೂರು ಮನೆಗೆ ಪಾಲಿಗೆ ಕೊಟ್ಬುಟ್ಟೆ ಅತ್ತಿಗಮ್ಮ," ಎಂದಳು. "ಮೂರು ಮನೇಲೂ ಮರಿ ಅವೆ."