ಸಾಲಿಗೊಂದು ಕಸದ ಚೀಲ

ಆಕೆಯ ಬಲಗಾಲಿನ ಹೆಬ್ಬೆರಳು ಉಳಿದ ಬೆರಳುಗಳಿಂದ ದೂರ ಸರಿದು ಹೊರಗೆ ಚಾಚಿಕೊಂಡಿತ್ತು. ಕಸ ಹೊಡೆದು ಮುಗಿದ ನೆಲದ ಮೇಲೆ ಬರಿಗಾಲಲ್ಲಿ ನಿಂತು ಆ ಬೆರಳನ್ನು ಉದ್ದಕ್ಕೆ ಎಳೆಯುತ್ತಿದ್ದಳು. ಫರಸಿಕಲ್ಲಿನ ಸಂದಿಯಲ್ಲಿ ಒಂದು ಚೂರು ಶೇಂಗಾ ಸಿಪ್ಪೆ ಉಳಿದಿದ್ದರೂ ಬೆರಳು ಅಲ್ಲೇ ನಿಲ್ಲುವುದು.

"ಇಲ್ಲಿ ಯಾರ ಹೊಡದೀರಿಬೇ? ಕಣ್ಣ ಮುಚಗೊಂಡ ಹೊಡದೀರೇನ?"

ಥೇಟರಿನ ಕತ್ತಲಲ್ಲಿ ಕಣ್ಣನ್ನು ನಂಬಿ ಕೆಲಸ ಆಗುವುದಿಲ್ಲ ಎಂಬುದು ಆಕೆಯ ಲೆಕ್ಕಾಚಾರ. ನಾನು ಒಮ್ಮೆ ಚಪ್ಪಲಿ ಕಳೆದು, ಯಾರೂ ಇಲ್ಲದ ಹೊತ್ತು ನೋಡಿ, ಹಾಗೇ ಬೆರಳು ಎಳೆದು ನೋಡಿದ್ದೆ. ನನಗೆ ತಣ್ಣಗಿನ ಕಲ್ಲು ಬಿಟ್ಟರೆ ಬೇರೇನೂ ತಿಳಿಯಲಿಲ್ಲ.

ಅರವತ್ತರ ದಶಕದ ಆರಂಭ. ನಾನು ವಿಜಾಪುರದ ಒಂದು ಸಿನಿಮಾ ಥೇಟರಿನ ಮ್ಯಾನೇಜರು. ವಯಸ್ಸು ಇಪ್ಪತ್ತೈದು, ಮೀಸೆಗಿಂತ ಜಂಬವೇ ದಪ್ಪ. ಕಸದ ಗುತ್ತಿಗೆ ಹಿಡಿದಿದ್ದ ಆಕೆಯನ್ನು ಊರೆಲ್ಲ ಗುತ್ತಿಗಿ ಕಾಕು, ಅಂದರೆ ಗುತ್ತಿಗೆಯ ಚಿಕ್ಕಮ್ಮ, ಎನ್ನುತ್ತಿತ್ತು, ನಾನೂ ಹಾಗೇ ಅನ್ನುತ್ತಿದ್ದೆ. ಆಗ ಅಂಗಡಿಯ ಕಸ ಅಂಗಡಿಯ ಆಳು ಹೊಡೆಯಬೇಕು, ಕಚೇರಿಯ ಕಸ ಸಿಪಾಯಿ ಹೊಡೆಯಬೇಕು. ಕಸ ಹೊಡೆಯುವುದನ್ನೇ ಗುತ್ತಿಗೆ ಹಿಡಿಯಬಹುದು ಎಂಬುದು ಯಾರ ತಲೆಗೂ ಹೊಳೆದಿರಲಿಲ್ಲ. ನಿಡೋಣಿಯ ಕುರಿ ಕಾಯುವ ಮನೆತನದ ಈ ಹೆಂಗಸಿಗೆ ಅದು ಹೇಗೆ ಹೊಳೆಯಿತೋ! ಮೊದಲು ಅರಳೆ ಗಿರಣಿಯಲ್ಲಿ ನೆಲ ಬಳಿಯುತ್ತಿದ್ದಳಂತೆ. ಆಮೇಲೆ ಒಬ್ಬೊಬ್ಬರನ್ನೇ ಕೂಡಿಸಿ ಹನ್ನೆರಡು ಹೆಂಗಸರ ತಂಡ ಮಾಡಿ, ಎರಡು ಬಟ್ಟೆ ಅಂಗಡಿ, ಒಂದು ಬ್ಯಾಂಕು, ನಮ್ಮ ಥೇಟರು ಹಿಡಿದಳು.

ನನಗೆ ಮೊದಲಿನಿಂದಲೂ ಕೆದಕಿ ಕೇಳುವ ಚಟ. ಬಟ್ಟೆ ಅಂಗಡಿಯಲ್ಲಿ ಕಸ ಹೊಡೆಯುವ ಮುಂಚೆ ಆಕೆ ಬಡಿಗೇರರಿಂದ ತಂದ ಕಟ್ಟಿಗೆ ಹೊಟ್ಟನ್ನು ನೀರಲ್ಲಿ ನೆನೆಸಿ ನೆಲಕ್ಕೆ ಉಗ್ಗುತ್ತಿದ್ದಳು. ಯಾಕೆ ಎಂದು ಕೇಳಿದೆ.

"ಒಣಾ ಕಸಾ ಹೊಡದ್ರ ಧೂಳ ಎಲ್ಲಿ ಹೋಗತೈತ್ರಿ ಸಾಹೇಬ್ರ? ಎದ್ದು ಪತ್ತಲ ಸೀರಿ ಮ್ಯಾಲ ಕುಂದರತೈತಿ. ಹಸೀ ಹೊಟ್ಟ ಹಾಕಿದ್ರ ಧೂಳ ಅದಕ್ಕ ಅಂಟಿ ನಮ್ಮ ಹಿಂದ ಸುಮ್ಮನ ಬರತೈತಿ."

ನಮ್ಮ ಥೇಟರಿಗೆ ಬೇರೆಯೇ ಪದ್ಧತಿ. ಇಪ್ಪತ್ತು ಸಾಲು ಬೆಂಚು, ಇಪ್ಪತ್ತು ಗೋಣಿಚೀಲ. ಒಂದು ಸಾಲಿನ ಕಸ ಇನ್ನೊಂದರ ಚೀಲಕ್ಕೆ ಬೀಳಕೂಡದು. ಚೀಲಗಳನ್ನು ಸಾಲಿನ ಕ್ರಮದಲ್ಲೇ ಹಿತ್ತಲ ಗೋಡೆಗೆ ಒರಗಿಸಿ ಒಂದು ದಿನ ಇಡುತ್ತಿದ್ದಳು. ಮರುದಿನ ಅವು ಪಕ್ಕದ ಖಾನಾವಳಿಯ ನೀರೊಲೆಗೆ ಹೋಗುತ್ತಿದ್ದವು. ಶೇಂಗಾ ಸಿಪ್ಪೆ, ಚುರುಮುರಿ ಪೊಟ್ಟಣದ ಕಾಗದ, ಎಲ್ಲ ಚೆನ್ನಾಗಿ ಉರಿಯುವ ಮಾಲು.

"ಕಸಕ್ಕೂ ಒಂದಿನದ ಮುದ್ದತ ಇರತೈತ್ರಿ. ಕಳಕೊಂಡಾವ ಒಂದಿನದಾಗ ಹೊಳ್ಳಿ ಬರತಾನ. ಯಾವ ಸಾಲಿನ್ಯಾಗ ಕುಂತಿದ್ದಿಪಾ ಅಂತ ಕೇಳೂದು, ಆ ಚೀಲಾ ಸುರುವೂದು. ಮುಗೀತು."

ಹಾಗೆ ಸುರುವಿ ಆಕೆ ಕಿವಿಯೋಲೆ ಕೊಟ್ಟಿದ್ದನ್ನು, ಬೀಗದ ಕೈ ಕೊಟ್ಟಿದ್ದನ್ನು, ಒಬ್ಬ ಮುದುಕನ ಕಟ್ಟಿಸಿದ ಹಲ್ಲು ಕೊಟ್ಟಿದ್ದನ್ನೂ ಕಣ್ಣಾರೆ ಕಂಡಿದ್ದೇನೆ.

ಒಂದು ದಿನ ಮಾಲಕರು ಸೊಲ್ಲಾಪುರದಿಂದ ಬರುವವರಿದ್ದರು. ಹೊಸ ಪಿಕ್ಚರು ಬಂದಿತ್ತು, ಜನ ಕಿಕ್ಕಿರಿದಿತ್ತು. ಮಧ್ಯಾಹ್ನದ ಆಟ ಮುಗಿದ ಮೇಲೆ ಗೋಡೆಗೆ ಒರಗಿದ ಇಪ್ಪತ್ತು ಹೊಲಸು ಚೀಲ ನೋಡಿ ನನಗೆ ಮೈಯೆಲ್ಲ ಉರಿಯಿತು. ಎಲ್ಲವನ್ನೂ ಒಟ್ಟಿಗೆ ಸುರಿದು ಈಗಲೇ ಖಾನಾವಳಿಗೆ ಸಾಗಿಸು ಎಂದೆ.

"ಒಂದಿನಾ ತಡೀರಿ ಸಾಹೇಬ್ರ."

"ಥೇಟರು ನಿಂದೋ ನಂದೋ?" ಎಂದು ರೇಗಿದೆ. ಥೇಟರು ಇಬ್ಬರದ್ದೂ ಆಗಿರಲಿಲ್ಲ. ಆಕೆ ತನ್ನ ನಾಲ್ವರು ಹೆಂಗಸರನ್ನು ಕರೆದು ಚೀಲ ಎತ್ತಿಸಿದಳು.

ಮರುದಿನ ಬೆಳಿಗ್ಗೆ ಬಬಲೇಶ್ವರದ ಒಬ್ಬ ರೈತ ಓಡೋಡಿ ಬಂದ. ಕೋರ್ಟಿನ ಕೆಲಸಕ್ಕೆ ಬಂದವನು ಹಿಂದಿನ ದಿನ ಹೊತ್ತು ಹೋಗಲೆಂದು ಮಧ್ಯಾಹ್ನದ ಆಟಕ್ಕೆ ಕೂತಿದ್ದ. ಹೊಲದ ಖರೇದಿ ಪತ್ರ ಬಿದ್ದುಹೋಗಿತ್ತು. ದಾಯಾದಿಯ ಮೇಲಿನ ದಾವೆಗೆ ಅದೇ ಆಧಾರ. "ಮುಂದಿನಿಂದ ಮೂರನೇ ಸಾಲ್ರಿ, ಕಂಬದ ಬಾಜೂಕ" ಎಂದು ಆತ ಗಟ್ಟಿಯಾಗಿ ಹೇಳಿದ. ಸಾಲು ಗೊತ್ತಿತ್ತು, ಚೀಲ ಇರಲಿಲ್ಲ. ಕಾಕು ಖಾನಾವಳಿಗೆ ಓಡಿದಳು. ಅರ್ಧಕ್ಕಿಂತ ಹೆಚ್ಚು ಕಸ ಆಗಲೇ ಒಲೆ ಸೇರಿತ್ತು. ಉಳಿದಿದ್ದನ್ನು ನಾಲ್ವರೂ ಬೀದಿಯಲ್ಲಿ ಹರವಿ ಕೈಯಿಂದ ಕೆದರಿದರು. ಪತ್ರ ಸಿಗಲಿಲ್ಲ.

ಹಿಂದಿನ ರಾತ್ರಿಯೇ ಬಂದಿದ್ದ ಮಾಲಕರು ಅಲ್ಲೇ ನಿಂತಿದ್ದರು. "ದಾಯಾದಿ ಕಡೆ ರೊಕ್ಕಾ ತಿಂದು ಕಾಗದಾ ಕೊಟ್ಟಾರ ಈ ಕಳ್ಳಿಗೋಳು!" ಎಂದು ಬೀದಿಗೆಲ್ಲ ಕೇಳುವಂತೆ ಒದರಿದರು.

"ನಾನ ಎಲ್ಲಾ ಕೂಡಿಸಿ ಒಯ್ಯಾಕ ಹೇಳಿದ್ದೆರಿ. ಅವರದೇನೂ ತಪ್ಪಿಲ್ಲ" ಎಂದಳು ಕಾಕು.

ಹೇಳಿದ್ದು ನಾನು. ಆಕೆ ನನ್ನ ಕಡೆ ಒಂದೇ ಸಲ ನೋಡಿದಳು. ನಾನು ಕೈಯಲ್ಲಿದ್ದ ಟಿಕೇಟಿನ ಪುಸ್ತಕ ನೋಡುತ್ತ ನಿಂತೆ. ನಾಚಿಕೆಗೇಡು, ಆದರೆ ನಿಂತೆ. ಮಾಲಕರು ಆಕೆಯ ಗುತ್ತಿಗೆ ಉಳಿಸಿದರು, ಆದರೆ ಕಳವಿನ ಶಂಕೆ ಬಿಡದೆ ಆ ನಾಲ್ವರು ಮಾತ್ರ ಥೇಟರಿನ ಮೆಟ್ಟಿಲು ಹತ್ತಕೂಡದು ಎಂದರು. ಸುದ್ದಿ ಬಜಾರಿಗೆ ಹಬ್ಬಿತು. ಬಟ್ಟೆ ಅಂಗಡಿಯವರೂ ಬ್ಯಾಂಕಿನವರೂ ಅವರನ್ನು ಒಳಗೆ ಬಿಡಲಿಲ್ಲ. ರೈತನಿಗೆ ಕೆಲವು ತಿಂಗಳ ಮೇಲೆ ನೋಂದಣಿ ಕಚೇರಿಯಿಂದ ಪತ್ರದ ನಕಲು ಸಿಕ್ಕಿತು. ಆ ಹೆಂಗಸರ ಹೆಸರಿಗೆ ನಕಲು ಕೊಡುವ ಕಚೇರಿ ಯಾವುದೂ ಇರಲಿಲ್ಲ.

ಮುಂದೆ ನಾನು ಆ ಕೆಲಸ ಬಿಟ್ಟು ಸರಕಾರಿ ನೌಕರಿ ಸೇರಿದೆ. ಚೀಲ ಸುರಿಸಿದವನು ನಾನೇ ಎಂಬುದನ್ನು ಐದಾರು ವರ್ಷ ಯಾರಿಗೂ ಹೇಳಲಿಲ್ಲ. ಕಾಲುನೋವು ಬಂದು ಕಾಕು ಊರು ಸೇರಿದ್ದಾಳೆಂದು ತಿಳಿದು ನಿಡೋಣಿಗೆ ಹೋದೆ. ಕಟ್ಟೆಯ ಮೇಲೆ ಕೂತು ಈಚಲು ಗರಿಯ ಕಸಬರಿಗೆ ಕಟ್ಟುತ್ತಿದ್ದಳು. ತಪ್ಪಾಯಿತು ಎಂದೆ. ಅವತ್ತು ನನ್ನ ಹೆಸರು ಯಾಕೆ ಹೇಳಲಿಲ್ಲ ಎಂದೂ ಕೇಳಿದೆ. ಅದನ್ನು ತಿಳಿಯದೆ ನನಗೆ ಸಮಾಧಾನವಿರಲಿಲ್ಲ.

ಆಕೆ ನಕ್ಕಳು. "ನಿಮ್ಮ ಹೆಸರ ಹೇಳಿದ್ರ ನಿಮ್ಮನ್ನ ತಗೀತಿದ್ರು. ಹೊಸಾ ಮ್ಯಾನೇಜರ ಬಂದ್ರ ಹೊಸಾ ಕಸದಾವರನ್ನ ತರತಾನ್ರಿ. ಥೇಟರ ಹ್ವಾದ್ರ ಉಳದ ಎಂಟ ಮಂದೀನೂ ಮನ್ಯಾಗ ಕುಂದರಬೇಕಾಗಿತ್ತು. ನಾಕ ಮಂದೀನ ಕೊಟ್ಟು ಎಂಟ ಮಂದೀನ ಉಳಿಸಿಕೊಂಡೆ. ಅದು ನಂದೂ ತಪ್ಪ." ಕೈಯ ಕೆಲಸ ನಿಲ್ಲಿಸಿದಳು. "ಆದ್ರ ನನ್ನ ಮುಂದ ಯಾಕ ಹೇಳಾಕತ್ತೀರಿ? ಕಳ್ಳಿ ಅನ್ನಿಸಿಕೊಂಡಾಕಿ ನಾ ಅಲ್ಲ. ಇಬ್ಬರು ತಿಕೋಟಾದಾಗ ಅದಾರ, ಕೂಲಿಗೆ ಹೋಗತಾರ. ಒಬ್ಬಾಕಿ ಬಬಲೇಶ್ವರದಾಗ ಮಗಳ ಮನ್ಯಾಗ ಅದಾಳ. ಹೋಗ್ರಿ, ಅವರ ಮುಂದ ಹೇಳ್ರಿ."

"ನಾಲ್ಕನೆಯಾಕಿ?"

"ಹ್ವಾದ ವರ್ಷ ತೀರಿಕೊಂಡ್ಳರಿ. ಕಡೀತನಕ ಗಂಡಾ ಮಾತಮಾತಿಗೆ ಕಳ್ಳಿ ಅಂತಿದ್ದ."

ಬಬಲೇಶ್ವರಕ್ಕೆ ಅಂದೇ ಸಂಜೆ ಹೋದೆ, ತಿಕೋಟಾಕ್ಕೆ ಮರುದಿನ. ಒಬ್ಬಳು ಅತ್ತಳು, ಒಬ್ಬಳು ಚಹಾ ಕೊಟ್ಟಳು, ಒಬ್ಬಳು ಬಾಗಿಲು ಹಾಕಿಕೊಂಡಳು. ಮೂವರಿಗೂ ಹೇಳಿದ ಮೇಲೆ ಆ ನಾಲ್ಕನೆಯವಳ ಗಂಡನ ಮನೆ ಹುಡುಕಿಕೊಂಡು ಹೋಗಿ, ಅಂಗಳದಲ್ಲಿ ನಿಂತು, ನಿನ್ನ ಹೆಂಡತಿ ಕದ್ದಿರಲಿಲ್ಲಪ್ಪಾ, ಚೀಲ ಸುರುವಲು ಹೇಳಿದವನು ನಾನು ಎಂದೆ.

"ಆಕಿನೂ ಇದನ್ನ ಹೇಳತಿದ್ಲರಿ" ಎಂದ ಆತ. "ನಾ ನಂಬಲಿಲ್ಲ."