ಎಡಗೈಗೆ ಸುತ್ತಿದ ಟೇಪು

ಫಾರ್ಮಿನ ಮೂರನೇ ಹಾಳೆಯಲ್ಲಿ ಆ ಪ್ರಶ್ನೆ ಇತ್ತು: ಮಗುವಿನ ತಾಯಿ ಯಾವ ಕೈಯಲ್ಲಿ ಬರೆಯುತ್ತಾರೆ? ಹುಟ್ಟಿನಿಂದಲೂ ಅದೇ ಕೈಯೇ? ನನ್ನ ಮಗಳು ಪೆನ್ನು ನಿಲ್ಲಿಸಿ ನನ್ನ ಕಡೆ ತಿರುಗಿದಳು.

"ಅಪ್ಪ, ಇಲ್ಲಿ ಏನ್ ಬರೀಲಿ?"

"ಬಲಗೈ ಅಂತ ಬರಿ. ಇದನ್ನೇನು ಕೇಳೋದು?"

ಸಿಟ್ಟಿನಿಂದಲೇ ಹೇಳಿದೆ. ಸಿಕ್ಕಿಬಿದ್ದಾಗ ನನಗೆ ಮೊದಲು ಬರುವುದು ಸಿಟ್ಟು. ಎಪ್ಪತ್ಮೂರು ವರ್ಷವಾದರೂ ಆ ಬುದ್ಧಿ ಹೋಗಿಲ್ಲ. ಅವಳು ಏನನ್ನೂ ಬರೆಯದೆ ಹಾಳೆ ತಿರುಗಿಸಿದಳು.

ನಾವು ಕೂತಿದ್ದು ಶಿಕಾಗೋದ ಒಂದು ಲ್ಯಾಬಿನ ಹೊರಕೋಣೆಯಲ್ಲಿ. ಹತ್ತು ವರ್ಷದ ಮೊಮ್ಮಗಳ ಮಿದುಳಿನ ಸ್ಕ್ಯಾನ್ ಇತ್ತು. ಕಾಯಿಲೆ ಏನಿಲ್ಲ. ಮಕ್ಕಳು ಬೆಳೆದು ದೊಡ್ಡವರಾಗುವ ತನಕ ಮಿದುಳಿನ ಜೋಡಣೆ ಹೇಗೆ ಬದಲಾಗುತ್ತದೆ ಎಂದು ನೋಡುವ ಅಧ್ಯಯನವಂತೆ. ಹುಡುಗಿಯೇ ಹಟ ಹಿಡಿದು ಹೆಸರು ಕೊಟ್ಟಿದ್ದಳು. ಶಿಕಾಗೋ ಪಕ್ಕದ ಲೊಂಬಾರ್ಡಿನ ಮನೆಯಿಂದ ಡ್ರೈವ್ ಮಾಡಿಕೊಂಡು ಬಂದವನು ನಾನು.

ಲ್ಯಾಬಿನ ಹೆಂಗಸು ಪರದೆಯ ಮೇಲೆ ಚಿತ್ರ ತೋರಿಸಿ ವಿವರಿಸಿದ್ದಳು. ಚಿಕ್ಕ ಮಕ್ಕಳ ಮಿದುಳಿನಲ್ಲಿ ಅಕ್ಕಪಕ್ಕದ ಭಾಗಗಳ ನಡುವೆಯೇ ಹೆಚ್ಚಿನ ಒಡನಾಟ. ಬೆಳೆಯುತ್ತ ಬೆಳೆಯುತ್ತ ದೂರದೂರದ ಭಾಗಗಳು ಒಂದಕ್ಕೊಂದು ಗಟ್ಟಿಯಾಗಿ ಸೇರಿಕೊಳ್ಳುತ್ತವೆ. ಬಳಸಿದ ದಾರಿ ಬಲವಾಗುತ್ತದೆ, ಬಳಸದ್ದು ಉದುರುತ್ತದೆ. ಇಪ್ಪತ್ತು ದಾಟಿದ ಮೇಲೂ ಈ ಕೆಲಸ ನಡೆಯುತ್ತಿರುತ್ತದೆ. ನಾನು ಓದಿದ್ದು ಪಿಯುಸಿ ಮಾತ್ರ, ಆದರೂ ಅರ್ಥವಾಯಿತು. ಡೆಟ್ರಾಯಿಟ್ ಪಕ್ಕದ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ನಾನು ಮಾಡಿದ್ದು ಜೋಡಣೆಯ ಕೆಲಸವೇ. ಕಾರಿನೊಳಗೆ ಹೋಗುವ ವೈರುಗಳನ್ನು ದೊಡ್ಡ ಹಲಗೆಯ ಮೇಲೆ ಎಳೆದು, ಕಪ್ಪು ಬಟ್ಟೆ ಟೇಪು ಸುತ್ತಿ ಕಟ್ಟು ಮಾಡುವುದು. ಒಂದು ವೈರು ತಪ್ಪು ದಾರಿ ಹಿಡಿದರೂ ಇನ್ಸ್‌ಪೆಕ್ಟರ್ ಇಡೀ ಕಟ್ಟನ್ನು ವಾಪಸ್ ಎಸೆಯುತ್ತಿದ್ದ. ಮನೆಯಲ್ಲಿ ನನ್ನ ಕೆಲಸ ನೋಡಲು ಯಾವ ಇನ್ಸ್‌ಪೆಕ್ಟರೂ ಇರಲಿಲ್ಲ.

ಮಗಳಿಗೆ ಆಗ ನಾಲ್ಕು ವರ್ಷ. ಒಬ್ಬ ಡಾಕ್ಟರರ ಮನೆಯ ಬೇಸ್‌ಮೆಂಟಿನಲ್ಲಿ ಸತ್ಯನಾರಾಯಣ ಪೂಜೆ. ತೀರ್ಥಕ್ಕೆ ಸಾಲು ನಿಂತಾಗ ಅವಳು ಎಡಗೈ ಚಾಚಿದಳು. ಪುರೋಹಿತರು ಉದ್ಧರಣೆಯನ್ನು ಹಿಂದಕ್ಕೆ ಎಳೆದುಕೊಂಡರು. ಅವಳು ಮತ್ತೆ ಎಡಗೈಯನ್ನೇ ಚಾಚಿದಳು.

"ಅಯ್ಯೋ, ಇದ್ಯಾವ ಕೈ ಪುಟ್ಟಿ! ಮನೇಲಿ ಯಾರೂ ಹೇಳ್ಕೊಡಲ್ವಾ?" ಎಂದು ಪಕ್ಕದಲ್ಲಿದ್ದ ಹೆಂಗಸೊಬ್ಬರು ನಕ್ಕರು.

"ಅವರಮ್ಮ ನರ್ಸ್ ಕಣ್ರೀ, ಸಂಜೆ ಡ್ಯೂಟಿ. ಊಟ ಹಾಕೋದೆಲ್ಲ ಅವರಪ್ಪಾನೇ," ಎಂದರು ಇನ್ನೊಬ್ಬರು. ಎಲ್ಲರೂ ನನ್ನ ಕಡೆ ನೋಡಿದರು.

ಇಂಜಿನಿಯರುಗಳು, ಡಾಕ್ಟರುಗಳು. ಹೆಂಡತಿಯ ವೀಸಾದ ಮೇಲೆ ಬಂದು ವೈರು ಕಟ್ಟುತ್ತಿದ್ದವನು ನಾನೊಬ್ಬನೇ. ಅವರಿಗೆ ಎದುರು ಮಾತಾಡುವ ಧೈರ್ಯ ನನಗಿರಲಿಲ್ಲ. ನಾಲ್ಕು ವರ್ಷದ ಮಗುವಿನ ಮುಂದೆ ಧೈರ್ಯಕ್ಕೇನು ಕೊರತೆ?

ಮರುದಿನ ಕಾರ್ಖಾನೆಯಿಂದ ಒಂದು ಸುರುಳಿ ಟೇಪು ತಂದೆ. ಊಟಕ್ಕೆ ಕೂರಿಸಿ, ಅವಳ ಎಡಗೈಯನ್ನು ಮುಷ್ಟಿ ಮಾಡಿಸಿ, ಮಣಿಕಟ್ಟಿನವರೆಗೆ ಸುತ್ತಿದೆ. ವೈರಿಗೆ ಸುತ್ತುವಂತೆಯೇ, ಅರ್ಧಕ್ಕರ್ಧ ಒಂದರ ಮೇಲೊಂದು ಬರುವ ಹಾಗೆ, ಒಪ್ಪವಾಗಿ. ಊಟಕ್ಕೆ, ಬರೆಯುವುದಕ್ಕೆ. ಒಂದು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಅತ್ತರೆ, "ದೇವರಿಗೆ ಆ ಕೈ ಬೇಡ" ಎನ್ನುತ್ತಿದ್ದೆ. ದೇವರು ನನ್ನನ್ನು ಏನೂ ಕೇಳಿರಲಿಲ್ಲ.

ಒಂದು ಭಾನುವಾರ ಸ್ನಾನ ಮಾಡಿಸುವಾಗ ಹೆಂಡತಿ ಮಣಿಕಟ್ಟಿನ ಮೇಲಿನ ಅಂಟು ನೋಡಿದಳು. "ಇದೇನ್ರೀ ಇದು?"

"ನನ್ನ ಟೇಪಿನ ಜೊತೆ ಆಟ ಆಡಿದಾಳೆ," ಎಂದೆ. ಮಗು ನನ್ನ ಮುಖ ನೋಡಿ ಹೌದೆಂದು ತಲೆಯಾಡಿಸಿತು. ಆ ತಲೆಯಾಡಿಸುವುದನ್ನೂ ನಾನೇ ಕಲಿಸಿದ್ದೆ.

ಬಲಗೈ ಬಂತು. ಜನ ಮೆಚ್ಚಿದರು. ಆದರೆ ಮಗಳು ಇವತ್ತಿಗೂ ಏನನ್ನಾದರೂ ತೆಗೆದುಕೊಳ್ಳುವ ಮುಂಚೆ ಎಡಗೈ ಅರ್ಧ ಏಳುತ್ತದೆ, ನಿಲ್ಲುತ್ತದೆ, ಆಮೇಲೆ ಬಲಗೈ ಹೋಗುತ್ತದೆ. ಕಣ್ಣು ಮಿಟುಕಿಸುವಷ್ಟು ಹೊತ್ತು. ಬೇರೆ ಯಾರಿಗೂ ಕಾಣುವುದಿಲ್ಲ. ಅವಳಿಗೆ ಚಹಾ ಲೋಟ ಕೊಡುವಾಗಲೆಲ್ಲ ನನಗೆ ಕಾಣುತ್ತದೆ, ನಲವತ್ತು ವರ್ಷದಿಂದ.

ಮಗಳು ಫಾರ್ಮಿನಲ್ಲಿ ಮುಳುಗಿದ್ದಾಗ ಎದ್ದು ಹೋಗಿ, ಲ್ಯಾಬಿನ ಹೆಂಗಸನ್ನು ನನ್ನ ಹರಕು ಇಂಗ್ಲಿಷಿನಲ್ಲೇ ಕೇಳಿದೆ: ಚಿಕ್ಕಂದಿನಲ್ಲಿ ಕೈ ಬದಲಾಯಿಸಿದರೆ ಮಿದುಳಿಗೆ ಏನಾಗುತ್ತದೆ? ಒಬ್ಬರ ವಿಷಯದಲ್ಲಿ ಇದರಿಂದಲೇ ಇದಾಯಿತು ಎಂದು ಹೇಳಲು ಬರುವುದಿಲ್ಲ, ಎಂದಳು ಮೆಲ್ಲಗೆ. ಮೈಯೆಲ್ಲ ಉರಿಯಿತು. ತಪ್ಪು ನಿನ್ನದೇ ಎನ್ನಬಾರದೆ? ಇಲ್ಲವೇ ಏನೂ ಆಗಿಲ್ಲ, ಹೋಗು ಎನ್ನಬಾರದೆ? ನನಗೆ ಎರಡೂ ಸಿಗಲಿಲ್ಲ.

ಮಗಳು ಕೊನೆಯ ಹಾಳೆ ಮುಗಿಸಿ ಮತ್ತೆ ಮೂರನೆಯದಕ್ಕೆ ಬಂದಳು. ಪೆನ್ನು ಖಾಲಿ ಜಾಗದ ಮೇಲೆ ನಿಂತೇ ಇತ್ತು.

"ಎಡಗೈ ಅಂತ ಬರಿ," ಎಂದೆ. "ಬದಲಾಯಿಸಿದ್ದು ನಾನು."

ಮೊಮ್ಮಗಳು ತನ್ನ ಫೋನಿನಿಂದ ತಲೆಯೆತ್ತಿದಳು. "ವೇಟ್, ವಾಟ್? ಹೇಗೆ ಚೇಂಜ್ ಮಾಡಿದ್ರಿ, ತಾತ?"

"ಟೇಪ್ ಸುತ್ತಿ. ನಿಮ್ಮಮ್ಮನ ಕೈಗೆ. ಅವಳು ನಿನಗಿಂತ ಚಿಕ್ಕವಳಿದ್ದಳು."

ಹುಡುಗಿ ತಾಯಿಯನ್ನು ನೋಡಿದಳು. ಮಗಳು ನನ್ನನ್ನೇ ನೋಡುತ್ತಿದ್ದಳು. "ನನಗೆ ಮರೆತುಹೋಗಿದೆ ಅಂದ್ಕೊಂಡಿದ್ರಾ?"

"ಇಲ್ಲ."

"ಅಮ್ಮಂಗೆ ಹೇಳಿದ್ರಾ? ಅಮ್ಮ ಹೋಗೋಕ್ ಮುಂಚೆ, ಕೊನೆಗಾದ್ರೂ?"

"ಇಲ್ಲ."

"ನಾನೂ ಹೇಳ್ಲಿಲ್ಲ. ಹೇಳ್ಬೇಡ ಅಂದಿದ್ರಿ ನೀವು." ಅವಳು ಪೆನ್ನಿನ ಮುಚ್ಚಳ ಹಾಕಿದಳು. "ಸಾರಿ ಅಂತ ಮಾತ್ರ ಹೇಳ್ಬೇಡಿ ಈಗ. ಇಲ್ಲಿ ಬೇಡ."

ಅಷ್ಟರಲ್ಲಿ ಲ್ಯಾಬಿನ ಹೆಂಗಸು ಬಂದಳು. ಸ್ಕ್ಯಾನ್ ನಡೆಯುವಾಗ ಒತ್ತಬೇಕಾದ ಬಟನ್ ಇರುವ ಸಣ್ಣ ಡಬ್ಬಿ ಅವಳ ಕೈಯಲ್ಲಿತ್ತು. ಯಾವ ಕೈಗೆ ಕೊಡಲಿ ಎಂದು ಕೇಳಿದಳು. ಮೊಮ್ಮಗಳು ಎಡಗೈ ಚಾಚಿ ಡಬ್ಬಿ ಇಸಿದುಕೊಂಡು ಒಳಗೆ ಹೋದಳು. ಕೈ ನಡುವೆ ಎಲ್ಲೂ ನಿಲ್ಲಲಿಲ್ಲ. ಮಗಳು ಅದನ್ನೇ ನೋಡಿದಳು.

ಬಾಗಿಲು ಮುಚ್ಚಿದ ಮೇಲೆ ಫಾರ್ಮನ್ನು ನನ್ನ ತೊಡೆಯ ಮೇಲಿಟ್ಟಳು. "ಎಕ್ಸ್‌ಪ್ಲೇನ್ ಮಾಡೋಕೆ ಜಾಗ ಇದೆ. ಕನ್ನಡದಲ್ಲಿ ಬೇರೆ ಹಾಳೇಲಿ ಬರೆದು, ಗಟ್ಟಿಯಾಗಿ ಓದಿ. ನಾನು ಇಂಗ್ಲಿಷಲ್ಲಿ ಬರ್ಕೋತೀನಿ."

ಫಾರ್ಮಿನಲ್ಲಿ ಎರಡು ಗೆರೆಯಷ್ಟು ಜಾಗವಿತ್ತು. ಅಲ್ಲಿ ಹಿಡಿಸದ್ದನ್ನು ಇಲ್ಲಿ ಬರೆದಿದ್ದೇನೆ.