ಗಾಜಿನ ಮೇಲಿನ ಪುಟ್ಟ ಕೈ

ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುತ್ತಲೇ ಅವನ ಅರ್ಧ ಆಯುಷ್ಯ ಸವೆದಿತ್ತು. ಬೀದಿಯವರಿಗೆಲ್ಲ ಅವನು ಗಾಜಣ್ಣ. ಯಾರ ಮನೆಯ ಕಿಟಕಿಯಾದರೂ ಸರಿ, ಕಲೆ ಕಂಡರೆ ಅವನ ಕೈ ತುರಿಸುತ್ತಿತ್ತು. ನೆಂಟರ ಮನೆಯಲ್ಲಿ ಪಕ್ಕದವರ ಕನ್ನಡಕ ಕಿತ್ತು ಒರೆಸಿಕೊಟ್ಟು ಹೆಂಡತಿಯಿಂದ ಬೈಸಿಕೊಂಡದ್ದೂ ಉಂಟು. ಮಾತು ಮಾತ್ರ ಕಡಿಮೆ. ಐದು ವರ್ಷದ ಮಗಳು ಜ್ವರದಲ್ಲಿ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಅಂದಿನಿಂದ ಗಂಡ ಹೆಂಡಿರಿಬ್ಬರೂ ಅವಳ ಹೆಸರನ್ನೇ ಬಾಯಿಗೆ ತಂದಿರಲಿಲ್ಲ.

ಹೆಂಡತಿಗೆ ಮಂಡಿನೋವು ಹೆಚ್ಚಾಗಿ ಬಸ್ಸು ಹತ್ತಲಾಗದೆ ಹೋದಾಗ ಅವನೊಂದು ಹಳೆಯ ಕಾರು ಕೊಂಡ. ಮನೆಗೆ ತಂದ ವಾರದಲ್ಲೇ ಸ್ಟೀರಿಂಗಿನ ಹಿಂದೆ ಕೆಂಪು ದೀಪ ಹೊತ್ತಿಕೊಂಡಿತು. ಇಂಜಿನ್ನನ್ನು ತಂಪಾಗಿಡುವ ಕೂಲಂಟ್ ಕಡಿಮೆಯಾಗಿದೆ ಎಂಬ ಎಚ್ಚರಿಕೆ. ಇಂಜಿನ್ ಆರಿದ ಮೇಲೆ ಬಾನೆಟ್ ಎತ್ತಿ ನೋಡಿದರೆ ಡಬ್ಬಿಯಲ್ಲಿನ ಹಸಿರು ನೀರು ಕೆಳಗಿನ ಗೆರೆ ದಾಟಿ ಇಳಿದಿತ್ತು. ತುಂಬಿಸಿದ. ಕೆಲವೇ ದಿನಗಳಲ್ಲಿ ಮತ್ತೆ ಇಳಿಯಿತು. ಕಾರಿನಡಿ ರಟ್ಟು ಹಾಸಿ ನೋಡಿದ, ಒಂದು ಹನಿಯೂ ಬಿದ್ದಿರಲಿಲ್ಲ. ಪೈಪುಗಳನ್ನೆಲ್ಲ ತಡವಿದ, ಮುಚ್ಚಳ ಬದಲಿಸಿದ. ಊಹೂಂ.

“ಎಲ್ಲಿಗೆ ಹೋಗ್ತಿದೆ ಇದು?” ಎಂದು ಗೊಣಗಿದ.

“ಕುಡಿಯೋರು ಯಾರೋ ಒಳಗೇ ಇದ್ದಾರೆ ಬಿಡಿ,” ಎಂದಳು ಹೆಂಡತಿ. ತಮಾಷೆಗೆ ಅಂದದ್ದೇ. ಅವನಿಗೇಕೋ ನಗು ಬರಲಿಲ್ಲ.

ಒಂದು ಚಳಿಯ ಬೆಳಿಗ್ಗೆ ಅವಳನ್ನು ಕೂರಿಸಿಕೊಂಡು ಹೊರಟು ಹೀಟರ್ ಹಾಕಿದ. ಮಕ್ಕಳ ಕೆಮ್ಮಿನ ಔಷಧಿಯಂಥ ಸಿಹಿ ವಾಸನೆ ಗಪ್ಪೆಂದು ಹೊಡೆಯಿತು. ಮುಂದಿನ ಗಾಜಿಗೆ ಒಳಗಿನಿಂದ ಮಂಜು ಕವಿಯಿತು. ಆ ಮಂಜಿನಲ್ಲಿ, ಹೆಂಡತಿಯ ಎದುರಿಗೆ, ಪುಟ್ಟ ಅಂಗೈಯೊಂದು ಬೆರಳು ಬಿಡಿಸಿಕೊಂಡು ಮೂಡಿತು.

ಹಿಂದಿನ ಮಾಲೀಕರ ಮಗು ಎಂದೋ ಇಟ್ಟ ಕೈ. ಬೆರಳಿನ ಜಿಡ್ಡು ಗಾಜಿಗಂಟಿಕೊಂಡಿದ್ದರೆ ಆವಿ ತಗುಲಿದಾಗ ಎದ್ದು ಕಾಣುತ್ತದೆ. ಗಾಜಣ್ಣನಿಗೆ ಇದು ಗೊತ್ತಿಲ್ಲದ್ದಲ್ಲ. ಜೇಬಿನಿಂದ ಬಟ್ಟೆ ತೆಗೆದ.

ಹೆಂಡತಿ ಅವನ ಮಣಿಕಟ್ಟು ಹಿಡಿದಳು. “ಬೇಡ. ಇರ್ಲಿ.”

ಆಮೇಲೆ ಅವಳು ದಿನಾ ಏನಾದರೊಂದು ನೆಪ ಹೇಳಿ ಕಾರು ಹತ್ತತೊಡಗಿದಳು. ಮಂಡಿನೋವಿನ ಮಾತೇ ಇಲ್ಲ. ಒಮ್ಮೆ ಅವಳ ಕಾಲಬುಡದ ಮ್ಯಾಟ್ ಎತ್ತಿದಾಗ ಅದರಡಿ ಹಸಿರು ಜಿಗುಟು ನೀರು ನಿಂತಿತ್ತು. ಸೋರಿಕೆ ಹೀಟರಿನಲ್ಲೆಂದು ಅವನಿಗೆ ಆಗಲೇ ತಿಳಿಯಿತು. ಸರಿಮಾಡಿಸಿದರೆ ಮಂಜೂ ಇಲ್ಲ, ಆ ಕೈಯೂ ಇಲ್ಲ. ಕಳ್ಳನ ಹಾಗೆ ಅತ್ತಿತ್ತ ನೋಡಿ ಮ್ಯಾಟನ್ನು ಮೊದಲಿದ್ದಂತೆಯೇ ಹಾಸಿದ. ದಿನಾ ಬೆಳಿಗ್ಗೆ ಡಬ್ಬಿ ತುಂಬಿಸತೊಡಗಿದ. ಒಬ್ಬನೇ ಇದ್ದಾಗ ಹೀಟರ್ ಹಾಕಿಕೊಂಡು, ಆ ಪುಟ್ಟ ಕೈಯ ಪಕ್ಕ ತನ್ನ ಕೈ ಚಾಚಿಕೊಂಡು ಕೂರುತ್ತಿದ್ದ. ಬರಬರುತ್ತಾ ಅದು ಬೇರೆಯವರ ಮಗುವಿನದೆಂದು ಅವನಿಗೆ ಅನ್ನಿಸುವುದೇ ನಿಂತುಹೋಯಿತು.

ಕೊನೆಗೊಂದು ದಿನ ದಿಬ್ಬ ಹತ್ತುವಾಗ ಬಾನೆಟ್ಟಿನಿಂದ ಬುಸ್ಸೆಂದು ಹೊಗೆಯಂಥ ಆವಿ ಎದ್ದು ಕಾರು ನಿಂತೇಬಿಟ್ಟಿತು. ಎಳೆಸಿಕೊಂಡು ಗ್ಯಾರೇಜಿಗೆ ಹೋದರು.

“ಹೀಟರಿನೊಳಗೆ ಕೂಲಂಟ್ ಹರಿಯೋ ಜಾಲರಿ ಕೊಳವೆ ತೂತಾಗಿದೆ,” ಎಂದ ಮೆಕ್ಯಾನಿಕ್. “ಅದಕ್ಕೇ ಹೊರಗೆ ಹನಿ ಬೀಳ್ತಿರ್ಲಿಲ್ಲ. ಇಷ್ಟು ದಿನ ಗೊತ್ತೇ ಆಗ್ಲಿಲ್ವಾ ನಿಮಗೆ?”

ಖರ್ಚು ಎಷ್ಟಾಗುತ್ತದೆ ಎಂದು ಗಾಜಣ್ಣ ಕೇಳಿದ.

ಕಾರು ತರಲು ಇಬ್ಬರೂ ಹೋದಾಗ ಹೊಸ ಜಾಲರಿ ಕೂತಿತ್ತು, ದೀಪ ಆರಿತ್ತು. ಗ್ಯಾರೇಜಿನವರು ಒಳ್ಳೆಯ ಮನಸ್ಸಿನಿಂದ ಗಾಜನ್ನೂ ಲಕಲಕ ತೊಳೆದಿದ್ದರು. ಮನೆಗೆ ಹೊರಟಾಗ ಹೆಂಡತಿ ಆ ಗಾಜನ್ನೇ ನೋಡುತ್ತ ಕೂತಳು. ಅಳುತ್ತಾಳೇನೋ ಎಂದು ಅವನು ಬೀದಿಯ ಬದಿಗೆ ಕಾರು ನಿಲ್ಲಿಸಿದ.

“ಅವಳ ಕೈ ಅಳಿಸಿಬಿಟ್ರಲ್ಲೇ,” ಎಂದದ್ದು ಅವನೇ.

ಹೆಂಡತಿ ಬೆರಗಾಗಿ ಅವನತ್ತ ತಿರುಗಿದಳು. “ಅದು ಅವಳ ಕೈ ಅಲ್ಲಾರೀ. ನಮ್ಮ ಕೂಸಿನ ಕಿರುಬೆರಳು ಸೊಟ್ಟ ಇತ್ತಲ್ಲ, ಹುಟ್ಟಿನಿಂದ. ನಿಮಗೆ ನೆನಪಿಲ್ವಾ?”

ಅವನು ಕಣ್ಣು ಮುಚ್ಚಿ ಹುಡುಕಿದ. ಜ್ವರದ ಹಣೆ ನೆನಪಾಯಿತು, ಕೆಂಪು ಚಪ್ಪಲಿ ನೆನಪಾಯಿತು. ಬೆರಳು ಮಾತ್ರ ಬರಲಿಲ್ಲ.

“ಯಾವ ಕೈದು?”

“ಎಡಗೈದು.” ಅವಳು ತನ್ನ ಕಿರುಬೆರಳನ್ನು ಒಳಕ್ಕೆ ಮಡಿಸಿ ತೋರಿಸಿದಳು. ಮಗಳ ಹೆಸರು ಹಿಡಿದು, ಅವಳು ಆ ಬೆರಳಿನಲ್ಲೇ ಲೋಟ ಹಿಡಿಯುತ್ತಿದ್ದ ಬಗೆ ಹೇಳತೊಡಗಿದಳು. ಎಷ್ಟೋ ವರ್ಷಗಳ ಮಾತು ಒಮ್ಮೆಗೇ ಹೊರಬಂತು. ಹೇಳುತ್ತ ಹೇಳುತ್ತ ಒಂದೆರಡು ಸಲ ನಕ್ಕಳು ಕೂಡ.

ಅವಳಿಗೆ ಅಂದಿನಿಂದ ಮನಸ್ಸು ಹಗುರವಾಯಿತು. ಗಾಜಣ್ಣನಿಗೆ ಆಗಲಿಲ್ಲ. ಅಂಗಡಿಗೆ ಯಾವ ಮಗು ಬಂದರೂ ಅವನು ಒಳಕೋಣೆಯಿಂದ ಎದ್ದು ಬಂದು ಅದರ ಎಡಗೈಯ ಕಿರುಬೆರಳಿನತ್ತ ಬಗ್ಗುತ್ತಾನೆ. ಜನ ಅವನು ಮಗುವಿನ ಕಣ್ಣು ನೋಡುತ್ತಿದ್ದಾನೆ ಎಂದುಕೊಳ್ಳುತ್ತಾರೆ.